ಶೂನ್ಯನಿರ್ದೇಶ ಮೀಮಾಂಸೆ

ನೆಲದ ಮೇಲೆ ಗಡಿಗೆಯಿಲ್ಲವೆಂಬ ಒಂದು ಸಣ್ಣ ಸಂಗತಿಯನ್ನು ಹಿಡಿದು ನಮ್ಮ ನೈಯಾಯಿಕರು ಶತಮಾನಗಳ ಕಾಲ ವಾದ ಮಾಡಿದರು. ಇಲ್ಲದ ಗಡಿಗೆಗಾಗಿ ಇಷ್ಟೊಂದು ಮಸಿ ವ್ಯಯವಾಗಬೇಕಿತ್ತೆ ಎಂದು ನಕ್ಕ ಲೌಕಿಕರೂ ಉಂಟು. ಆ ಲೌಕಿಕರ ಪಂಗಡಕ್ಕೇ ಸೇರಿದ ನನ್ನ ಸೋದರಳಿಯನು ಕಳೆದ ಶ್ರಾವಣದ ಒಂದು ರಾತ್ರಿ, ಹೊಸಪೇಟೆಯ ನಮ್ಮ ಮನೆಯ ಮಹಡಿಯ ಮೇಲೆ, ಗಣಕಯಂತ್ರದ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿರುವುದನ್ನು ಕಂಡಾಗ, ನ್ಯಾಯಶಾಸ್ತ್ರಕ್ಕೆ ಮರಳಿ ಒಳ್ಳೆಯ ಕಾಲ ಬಂದಿತೆಂದು ನನಗೆ ಮನವರಿಕೆಯಾಯಿತು. ಪ್ರಕೃತ ಪ್ರಬಂಧವು ಆ ರಾತ್ರಿಯ ಫಲ.

ಹುಡುಗನು ಯೂನಿಟಿ ಎಂಬ ಸಾಧನದಲ್ಲಿ ಒಂದು ಆಟವನ್ನು ಕಟ್ಟುತ್ತಿದ್ದನು. ಕಂಪ್ಲಿಯ ಬಾಲಕನೊಬ್ಬನು ಹರಿಗೋಲನ್ನೇರಿ ಹಂಪೆಗೆ ಬಂದು, ಬರಿದಾದ ಗುಡಿಗಳಿಗೆ ಕಾಣೆಯಾದ ಮೂರ್ತಿಗಳನ್ನು ಹುಡುಕಿ ತಂದು ಕೂರಿಸುವುದು ಅದರ ಕಥಾವಸ್ತು. ಕಂಪ್ಲಿಯಿರುವುದು ಹಂಪೆಯಿಂದ ಕೆಳಗೆ, ಹೊಳೆ ಹರಿದುಹೋಗುವ ದಿಕ್ಕಿನಲ್ಲಿ. ಆದುದರಿಂದ ಆ ಬಾಲಕನು ತುಂಗಭದ್ರೆಯ ಸೆಳವಿಗೆ ಎದುರಾಗಿ ಹುಟ್ಟುಹಾಕಬೇಕಾಗುವುದೆಂಬ ನನ್ನ ಆಕ್ಷೇಪಕ್ಕೆ ಯಂತ್ರವೂ ಹುಡುಗನೂ ಸಮಾನವಾಗಿ ಕಿವುಡಾದರು. ಯಂತ್ರದ ತಕರಾರು ಬೇರೆಯದಿತ್ತು. ಆಟವನ್ನು ಚಾಲೂ ಮಾಡಿದೊಡನೆ ಪರದೆಯ ತಳದಲ್ಲಿ, ಸಂಡೂರಿನ ಅದಿರು ಲಾರಿ ಹಾದುಹೋದ ಮೇಲೆ ರಸ್ತೆಬದಿಯ ಗಿಡಗಳಿಗೆ ಬರುವ ಬಣ್ಣದ ಅಕ್ಷರಗಳಲ್ಲಿ, ‘ನಲ್ ರೆಫರೆನ್ಸ್ ಎಕ್ಸೆಪ್ಷನ್, ಸಾಲು 47’ ಎಂದು ಮೂಡುತ್ತಿತ್ತು. ಹೆಸರುಂಟು, ಹೆಸರು ತೋರುವ ಕಡೆ ವಸ್ತುವಿಲ್ಲ, ಇಲ್ಲದ ವಸ್ತುವಿಗೆ ನೀನು ಕೆಲಸ ಹೇಳಿದೆ, ಎಂಬುದು ಇದರ ಭಾಷ್ಯ.

ಈ ದೋಷದ ಆದಿಪುರುಷನನ್ನು ಶೋಧಿಸುವುದು ಕಷ್ಟವಲ್ಲ. ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಗಣಕಭಾಷೆಯ ರಚನೆಯಲ್ಲಿ ತೊಡಗಿದ್ದಾಗ, ಮಾಡುವುದು ಬಹು ಸುಲಭವಾಗಿದ್ದುದೊಂದೇ ಕಾರಣದಿಂದ, ಯಾವುದನ್ನೂ ತೋರದ ಈ ಶೂನ್ಯನಿರ್ದೇಶಕ್ಕೆ ಅದರಲ್ಲಿ ಎಡೆಗೊಟ್ಟನು. 2009ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅದನ್ನು ತನ್ನ ನೂರು ಕೋಟಿ ಡಾಲರಿನ ತಪ್ಪೆಂದು ಕರೆದು ಕ್ಷಮೆ ಬೇಡಿದನು. ಇತ್ತ ರಕ್ಕಸ-ತಂಗಡಿಯ ಯುದ್ಧದ ತರುವಾಯ ವಿಜಯನಗರವು ಹಾಳಾದದ್ದು 1565ರಲ್ಲಿ. ಎರಡು ಶೂನ್ಯಗಳ ನಡುವೆ ಸರಿಯಾಗಿ 400 ವರ್ಷ! ಇದನ್ನು ಕಾಕತಾಳೀಯವೆನ್ನುವ ದುರ್ಬಲಚಿತ್ತರು ಇರಬಹುದು. ಪ್ರಬಂಧ ಬರೆಯಲು ಕುಳಿತವನಿಗೆ ಅಂಥ ದೌರ್ಬಲ್ಯ ಸಲ್ಲದು.

ಅಭಾವವು ನಾಲ್ಕು ಬಗೆಯೆಂದು ತರ್ಕಸಂಗ್ರಹದಲ್ಲಿ ಅನ್ನಂಭಟ್ಟನು ವಿಂಗಡಿಸಿರುವುದು ಆಟ ಕಟ್ಟುವವರಿಗಾಗಿಯೇ ಎಂಬುದು ನನ್ನ ಪಕ್ಷ. ವಸ್ತು ಹುಟ್ಟುವುದಕ್ಕೆ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಯೂನಿಟಿಯಲ್ಲಿ ವಸ್ತುಗಳಿಗೆ ಅಂಟಿಸುವ ಆಜ್ಞಾಲೇಖವಾದ ಸ್ಕ್ರಿಪ್ಟು ‘ಅವೇಕ್’ ಎಂಬ ವಿಧಿಯಲ್ಲಿ ಕಣ್ಣು ತೆರೆದು, ಆಮೇಲೆ ‘ಸ್ಟಾರ್ಟ್’ ಎಂಬ ವಿಧಿಯಲ್ಲಿ ಕೆಲಸಕ್ಕೆ ತೊಡಗುತ್ತದೆ. ಆದರೆ ಎರಡು ಸ್ಕ್ರಿಪ್ಟುಗಳಲ್ಲಿ ಯಾವುದರ ಕಣ್ಣು ಮೊದಲು ತೆರೆದೀತೆಂಬುದಕ್ಕೆ, ನಾವಾಗಿ ಕ್ರಮವನ್ನು ಗೊತ್ತುಮಾಡದ ಹೊರತು, ಭರವಸೆಯಿಲ್ಲ. ಪ್ರತಿಷ್ಠೆಗೆ ಮುನ್ನವೇ ಮಂಗಳಾರತಿ ಎತ್ತಿದ ಅರ್ಚಕನ ಪಾಡು ಆಗ ಸ್ಕ್ರಿಪ್ಟಿನದು. ಅತ್ಯಂತಾಭಾವವೋ ಮೊಲದ ಕೊಂಬಿನಂಥದು; ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು, ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಕುಳಿತು ನಮ್ಮೆಲ್ಲರ ಜೇಬುಗಳಲ್ಲಿ ಸಂಚರಿಸುವ ಆ ರಥವನ್ನು, ಹುಡುಗನು ಹಿಂದೊಮ್ಮೆ ತಾನೇ ಜೋಡಿಸದಿದ್ದ ‘ಓಟ’ವೆಂಬ ಅಂಗವನ್ನು ಕೊಡೆಂದು ಕೇಳಿ ಪೆಟ್ಟು ತಿಂದದ್ದು ಇದಕ್ಕೆ ನಿದರ್ಶನ. ಅದು ರಥದ ರೂಪದ ಗರುಡಗುಡಿ. ಓಡುವ ಕರಾರು ಅದಕ್ಕಿಲ್ಲ.

ಘಟವು ಪಟವಲ್ಲವೆಂಬ ಭೇದವೇ ಅನ್ಯೋನ್ಯಾಭಾವ. ನಮ್ಮ ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಹಾಸ್ಪೇಟ್ ಎಂಬುದರಿಂದ ಹೊಸಪೇಟೆಯಾಯಿತು. ನಮ್ಮ ಪಾಲಿಗೆ ಎರಡೂ ಒಂದೇ ಊರು, ಒಂದೇ ಧೂಳು. ಹೆಸರು ಹಿಡಿದು ಹುಡುಕುವ ‘ಫೈಂಡ್’ ಎಂಬ ಆಜ್ಞೆಗೆ ಮಾತ್ರ ಅವು ಪರಸ್ಪರ ಅನ್ಯ; ಒಂದಕ್ಷರ ಹೆಚ್ಚುಕಡಿಮೆಯಾದರೆ ಊರಿಗೆ ಊರೇ ಇಲ್ಲವೆಂದು ಅದು ಕೈಯಾಡಿಸಿಬಿಡುತ್ತದೆ.

ಇನ್ನುಳಿದುದು ಪ್ರಧ್ವಂಸಾಭಾವ, ಇದ್ದ ವಸ್ತು ನಾಶವಾದ ಮೇಲಿನ ಇಲ್ಲದಿರುವಿಕೆ. ಇದನ್ನು ಪ್ರತ್ಯಕ್ಷ ಕಾಣಬಯಸುವವರು ಗಣಕವನ್ನು ಮುಚ್ಚಿ ಹಂಪೆಯ ಉಗ್ರನರಸಿಂಹನ ಮುಂದೆ ಹೋಗಿ ನಿಲ್ಲತಕ್ಕದ್ದು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಆ ಮೂರ್ತಿಯ ತೊಡೆಯ ಮೇಲೆ ಲಕ್ಷ್ಮಿಯಿದ್ದಳು, ಈಗಿಲ್ಲ. ಆದರೆ ಸ್ವಾಮಿಯ ಬೆನ್ನನ್ನು ಬಳಸಿದ ಅವಳ ಕೈ ಇಂದಿಗೂ ಅಲ್ಲಿಯೇ ಇದೆ. ಕೈಯನ್ನು ಕಂಡು, ಕೈಯಿದ್ದ ಮೇಲೆ ದೇವಿಯೂ ಉಂಟೆಂದು ತಿಳಿದು ವರ ಬೇಡುವವನೇ ನಾವು ವಿಚಾರಿಸುತ್ತಿರುವ ಸ್ಕ್ರಿಪ್ಟು. ಯೂನಿಟಿಯಲ್ಲಿಯೂ ‘ಡೆಸ್ಟ್ರಾಯ್’ ಎಂದ ಮೇಲೆ ವಸ್ತುವಿನ ಹೊರಚಿಪ್ಪು ಸ್ಮೃತಿಯಲ್ಲಿ ಉಳಿದಿರುತ್ತದೆ; ಶೂನ್ಯವೋ ಎಂದು ಕೇಳಿದರೆ ಯಂತ್ರವು ಹೌದೆನ್ನುತ್ತದೆ, ಮುಟ್ಟಿದರೆ ‘ಮಿಸ್ಸಿಂಗ್’ ಎಂಬ ತುಸು ಮೃದುವಾದ ಹೆಸರಿನಲ್ಲಿ ಗದರುತ್ತದೆ. ಇರುವುದನ್ನೇ ಇಲ್ಲವೆನ್ನುವ ಈ ಉಪಾಯವು ಅನ್ನಂಭಟ್ಟನಿಗೆ ತಿಳಿದಿದ್ದರೆ ಅವನ ಗ್ರಂಥ ಅಷ್ಟು ತೆಳ್ಳಗಿರುತ್ತಿರಲಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ತರುಣರಲ್ಲಿ ಒಂದು ದುರಾಚಾರ ಬಳಕೆಯಲ್ಲಿದೆ: ವಸ್ತು ಶೂನ್ಯವಲ್ಲದಿದ್ದರೆ ಮಾತ್ರ ಮುಂದೆ ಹೋಗು ಎಂಬ ಕಾವಲುಸಾಲನ್ನು ಕಂಡಕಂಡಲ್ಲಿ ನೆಡುವುದು. ಕೆಂಪಕ್ಷರ ಮಾಯವಾಗುತ್ತದೆ, ಮೂರ್ತಿಯೂ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಗೇಟುತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ ನೀರನ್ನು ತಡೆದರು. ಅದು ಸಾಹಸವೇ ಸರಿ; ಆದರೆ ಸ್ಟಾಪ್‌ಲಾಗೇ ಗೇಟೆಂದು ಯಾರೂ ಭ್ರಮಿಸಲಿಲ್ಲ. ಹರಿಗೋಲು, ಅದರೊಳಗಿನ ಬಾಲಕ, ಅವನ ಕೈ, ಕೈಯಲ್ಲಿಯ ಮೂರ್ತಿ ಎಂದು ಚುಕ್ಕೆಯಿಂದ ಚುಕ್ಕೆಗೆ ಪೋಣಿಸಿದ ಸ್ಕ್ರಿಪ್ಟಿನ ಸಾಲೂ ಒಂದು ಸರಪಳಿಯೇ. ಅದು ತುಂಡಾಯಿತೆಂಬುದನ್ನು ಸಾಲಿನ ಸಂಖ್ಯೆ ಹೇಳೀತು, ಯಾವ ಕೊಂಡಿಯೆಂಬುದನ್ನು ಹೇಳದು; ಆದ್ದರಿಂದ ಕೊಂಡಿಗೊಂದು ಸಾಲು ಮಾಡಿ, ಒಂದೊಂದರಲ್ಲಿಯೂ ಏನಿದೆಯೆಂದು ಅಚ್ಚುಹಾಕಿಸಿ ನೋಡತಕ್ಕದ್ದು. ಹಂಪೆಯ ಮೆಟ್ಟಿಲ ಪುಷ್ಕರಣಿಯನ್ನು ಕಟ್ಟಿದವರು ಕಲ್ಲುಗಳ ಮೇಲೆ ಅವುಗಳ ದಿಕ್ಕು, ಸಾಲು, ಸ್ಥಾನಗಳನ್ನು ಗುರುತು ಕೆತ್ತಿದ್ದರು; ನನ್ನ ಸೋದರಳಿಯನು ತನ್ನ ವಸ್ತುಗಳಿಗೆ ‘ಎ’, ‘ಬಿ’, ‘ಟೆಂಪ್ 2’ ಎಂದು ನಾಮಕರಣ ಮಾಡಿದ್ದನು.

ಇಷ್ಟನ್ನು ಮೂರು ತಾಸು ನಿರೂಪಿಸಿ, ಪ್ರಸ್ತುತ ದೋಷವು ಪ್ರಾಗಭಾವವೇ ಎಂದು ನಾನು ಸಿದ್ಧಾಂತ ಮಾಡುವಷ್ಟರಲ್ಲಿ ಹುಡುಗನು ಆಕಳಿಸಿ, “ಸಾಕ್ ಬಿಡ್ರಿ ಮಾಮಾ, ಸಿಕ್ತು. ಗುಡ್ಯಾಗಲ್ಲ, ಹರಿಗೋಲ್ನಾಗ ಐತಿ” ಎಂದನು. ಮೂರ್ತಿಯನ್ನು ಕೂರಿಸುವ ಸ್ಕ್ರಿಪ್ಟು ವಿಠ್ಠಲನ ಗುಡಿಯಲ್ಲಿ ಸರಿಯಾಗಿಯೇ ಇತ್ತು, ಯೂನಿಟಿಯ ‘ಇನ್‌ಸ್ಪೆಕ್ಟರ್’ ಎಂಬ ಫಲಕದಲ್ಲಿ ಅದರ ಖಾನೆಯೂ ತುಂಬಿತ್ತು. ಆದರೆ ಎಂದೋ ಕೈತಪ್ಪಿ ಅದರ ಇನ್ನೊಂದು ಪ್ರತಿಯು ಕಂಪ್ಲಿಯ ದಡದ ಹರಿಗೋಲಿಗೂ ಅಂಟಿಕೊಂಡಿತ್ತು, ಆ ಪ್ರತಿಯ ಖಾನೆ ಬರಿದಾಗಿತ್ತು. ನನ್ನ ನಾಲ್ಕು ಅಭಾವಗಳಲ್ಲಿ ಯಾವುದಕ್ಕೂ ಒಗ್ಗದ ಇದನ್ನು, ವಿರೂಪಾಕ್ಷನ ಗುಡಿಯ ಕತ್ತಲಕೋಣೆಯ ಗೋಡೆಯಲ್ಲಿ ತಲೆಕೆಳಗಾಗಿ ಬೀಳುವ ಗೋಪುರದ ನೆರಳನ್ನು ನೆನೆದು, ಪ್ರತಿಬಿಂಬಾಭಾವವೆಂಬ ಐದನೆಯ ಬಗೆಯೆಂದು ನಾನು ಅಲ್ಲಿಯೇ ಘೋಷಿಸಿದೆನು. ಹುಡುಗನು ಆ ಪ್ರತಿಯನ್ನು ಅಳಿಸಿ ಮಲಗಲು ಹೋದನು.

ಸಾಲು 47ರಲ್ಲಿ ಯಾವ ತಪ್ಪೂ ಇರಲಿಲ್ಲ.