ನನ್ನ ಅಗಲ ಎಷ್ಟೆಂದು ನನ್ನನ್ನೇ ಯಾರೂ ಕೇಳಲಿಲ್ಲ!

(ಎಡಿನ್‌ಬರೊದ ಅಜ್ಜಿಯೊಬ್ಬರ ಬಲಗಣ್ಣಿನ ರೆಟಿನಾದಲ್ಲಿ ವಾಸವಾಗಿರುವ ಅಪಧಮನಿಯೊಂದಿಗೆ ಮಾತುಕತೆ. ಅಜ್ಜಿ ‘ಲೋಥಿಯನ್ ಬರ್ತ್ ಕೋಹಾರ್ಟ್ 1936’ ಅಧ್ಯಯನಕ್ಕೆ ಸೇರಿದವರು. ಹನ್ನೊಂದನೇ ವಯಸ್ಸಿನಲ್ಲಿ ಬುದ್ಧಿಪರೀಕ್ಷೆ ಬರೆದಿದ್ದರು. ಎಪ್ಪತ್ತು ದಾಟಿದ ಮೇಲೆ ಕಣ್ಣಿನ ಫೋಟೊ ತೆಗೆಸಿಕೊಂಡರು.)

ಪ್ರಶ್ನೆ: ನಮಸ್ಕಾರ. ಮೊದಲು ನಿಮ್ಮ ಅಗಲ ಹೇಳಿಬಿಡಿ.

ಅಪಧಮನಿ: ಯಾರ ಲೆಕ್ಕದಲ್ಲಿ? ಸಿಂಗಪುರದ ‘ಸಿವಾ’ ಲೆಕ್ಕವೋ, ಎಡಿನ್‌ಬರೊ–ಡಂಡೀಯವರ ‘ವ್ಯಾಂಪೈರ್’ ಲೆಕ್ಕವೋ?

ಪ್ರಶ್ನೆ: ವ್ಯಾಂಪೈರ್?!

ಅಪಧಮನಿ: ಗಾಬರಿ ಬೇಡ, ರಕ್ತ ಮುಟ್ಟುವುದಿಲ್ಲ. ಸಿವಾದ ಹಾಗೆ ಅದೂ ಫೋಟೊ ನೋಡಿ ಅಳೆಯುವ ಸಾಫ್ಟ್‌ವೇರ್.

ಪ್ರಶ್ನೆ: ಯಾವುದಾದರೇನು, ಫೋಟೊ ಒಂದೇ ತಾನೆ?

ಅಪಧಮನಿ: ನಾವೂ ಹಾಗೇ ಅಂದುಕೊಂಡಿದ್ದೆವು. ನಮ್ಮ ಈ ಗುಂಪಿನ ಅಳತೆಗಳನ್ನೇ ಎರಡೂ ಸಾಫ್ಟ್‌ವೇರ್‌ಗಳಲ್ಲಿ ಹೋಲಿಸಿದ ಲೇಖನ 2018ರಲ್ಲಿ ಬಂತು. ಅಳತೆಗಳು ಸರಿಯಾಗಿ ತಾಳೆಯಾಗಲೇ ಇಲ್ಲ.

ಪ್ರಶ್ನೆ: ಅಂಚಿಂದ ಅಂಚಿಗೆ ಅಳೆಯುವುದಕ್ಕೆ ಇಷ್ಟು ರಾದ್ಧಾಂತವೇ?

ಅಪಧಮನಿ: ಅಂಚು ಎಲ್ಲಿದೆ, ನೀವೇ ತೋರಿಸಿ. ಫೋಟೊ ಹಿಗ್ಗಿಸಿ ನೋಡಿ: ಕಡುಗೆಂಪು ಒಂದೆರಡು ಪಿಕ್ಸೆಲ್ ಮಸುಕಾಗುತ್ತಾ ಕಿತ್ತಳೆಯಲ್ಲಿ ಕರಗಿಹೋಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಒಬ್ಬೊಬ್ಬರ ಸೂತ್ರದಲ್ಲಿ ಒಂದೊಂದು ಥರ. ಇನ್ನು ನನ್ನ ಗೋಡೆ ಪಾರದರ್ಶಕ, ಫೋಟೊದಲ್ಲಿ ಕಾಣುವುದು ಒಳಗೆ ಹರಿಯುವ ರಕ್ತ ಮಾತ್ರ. ಅದನ್ನೇ ‘ನಾಳದ ಅಗಲ’ ಎಂದು ಬರೆದುಕೊಳ್ಳುತ್ತಾರೆ. ಹೋಗಲಿ, ನಾನಾದರೂ ಒಂದೇ ಸಮ ಇರುತ್ತೇನೆಯೇ? ಅಜ್ಜಿಯ ಎದೆ ಒಮ್ಮೆ ಬಡಿದರೆ ನನ್ನ ಅಗಲ ಅಷ್ಟಿಷ್ಟು ಹೆಚ್ಚುಕಮ್ಮಿ. ಕ್ಯಾಮೆರಾ ಕ್ಲಿಕ್ಕಿಸಿದ್ದು ಬಡಿತದ ಯಾವ ಗಳಿಗೆಯಲ್ಲಿ ಅಂತ ಸಾಮಾನ್ಯವಾಗಿ ಯಾರೂ ಬರೆದಿಡುವುದಿಲ್ಲ.

ಪ್ರಶ್ನೆ: ಪಿಕ್ಸೆಲ್ ಮೈಕ್ರಾನ್ ಆಗುವುದು ಹೇಗೆ?

ಅಪಧಮನಿ: ನಂಬಿಕೆಯಿಂದ! ಕಣ್ಣಿನ ನರ ಹೊರಡುವ ಜಾಗದಲ್ಲಿ ಒಂದು ಡಿಸ್ಕ್ ಕಾಣುತ್ತದಲ್ಲ, ಅದರ ಅಗಲ ಎಲ್ಲರಲ್ಲೂ ಸುಮಾರು 1,800 ಮೈಕ್ರಾನ್ ಎಂದು ಹಿಡಿದು ಗುಣಿಸುವುದು ಹಳೆಯ ರೂಢಿ. ಅಜ್ಜಿಯ ಡಿಸ್ಕನ್ನು ಯಾರೂ ಒಂದು ಮಾತು ಕೇಳಿಲ್ಲ. ಸಮೀಪದೃಷ್ಟಿಯವರ ಉದ್ದನೆ ಕಣ್ಣಿನಲ್ಲಂತೂ ನಾವು ಇರುವುದಕ್ಕಿಂತ ಸಣ್ಣಗೆ ಕಾಣುತ್ತೇವೆ.

ಪ್ರಶ್ನೆ: ನಿಮ್ಮೊಬ್ಬರನ್ನೇ ಅಳೆಯುತ್ತಾರಾ?

ಅಪಧಮನಿ: ಡಿಸ್ಕಿನ ಸುತ್ತ ಒಂದು ಉಂಗುರ ಬರೆದು, ಅದನ್ನು ಹಾಯುವ ಆರು ದಪ್ಪ ಅಪಧಮನಿ, ಆರು ದಪ್ಪ ಅಭಿಧಮನಿ ಆರಿಸುತ್ತಾರೆ. 1974ರಲ್ಲಿ ಪಾರ್ ಮತ್ತು ಸ್ಪಿಯರ್ಸ್ ಹುಟ್ಟುಹಾಕಿ, ಹಬರ್ಡ್ ತಿದ್ದಿ, 2003ರಲ್ಲಿ ನಡ್ಸನ್ ಪರಿಷ್ಕರಿಸಿದ ಸೂತ್ರಕ್ಕೆ ಅಪಧಮನಿಗಳಾದ ನಮ್ಮನ್ನೆಲ್ಲ ಹಾಕಿ, ನಾವು ಕವಲೊಡೆದು ಬಂದ ಮೂಲ ಅಪಧಮನಿಯ ಅಗಲ ತೆಗೆಯುತ್ತಾರೆ. ಆ ಮೂಲದವನು ಫೋಟೊದಲ್ಲೇ ಇಲ್ಲ!

ಪ್ರಶ್ನೆ: ನಮ್ಮ ಕಡೆ ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೋಗುತ್ತಿರಲಿಲ್ಲ.

ಅಪಧಮನಿ: ಅದೇ ಅಂತಿಟ್ಟುಕೊಳ್ಳಿ. ಆದರೆ ತನ್ನ ಸೇರನ್ನು ತಾನೇ ನೂರು ಸಲ ಅಳೆದು ‘ನೋಡಿ, ಪ್ರತಿ ಸಲವೂ ಅಷ್ಟೇ ಬಂತು’ ಎಂದು ಬೀಗುವವರೇ ಹೆಚ್ಚು. ನಾನು ಕಿರಿದಾದರೆ ರಕ್ತದೊತ್ತಡ, ಪಕ್ಕದ ಅಭಿಧಮನಿ ಹಿಗ್ಗಿದರೆ ಪಾರ್ಶ್ವವಾಯುವಿನ ಅಪಾಯ ಅಂತೆಲ್ಲ ಸಂಬಂಧ ಕಂಡಿದ್ದಾರೆ, ನಿಜವೇ. ಆದರೆ ಒಂದು ಸಾಫ್ಟ್‌ವೇರಿನ ಅಂಕಿಗಳಿಂದ ರೋಗ–ಆರೋಗ್ಯದ ನಡುವೆ ಹಾಕಿದ ಗೆರೆಯನ್ನು ಇನ್ನೊಂದು ಕೊಟ್ಟ ಅಂಕಿಗೆ ಹಚ್ಚಿದರೆ, ಗಟ್ಟಿಮುಟ್ಟಾದ ಅಜ್ಜಿಯೂ ಕೂತಲ್ಲೇ ರೋಗಿ.

ಪ್ರಶ್ನೆ: ಮನುಷ್ಯರೇ ಕೈಯಿಂದ ಗುರುತಿಸಿದರೆ?

ಅಪಧಮನಿ: (ನಗು) ನೆದರ್‌ಲೆಂಡ್ಸ್‌ನ ‘ಡ್ರೈವ್’ ಸಂಗ್ರಹ ಕೇಳಿದ್ದೀರಾ? ನಲವತ್ತು ಫೋಟೊ. ಪರೀಕ್ಷೆಗಿಟ್ಟ ಇಪ್ಪತ್ತರಲ್ಲಿ ನಾಳಗಳನ್ನು ಎರಡು ಸಲ, ಬೇರೆ ಬೇರೆಯವರು ಗುರುತಿಸಿದರು. ಆ ಎರಡು ಗುರುತುಗಳೇ ಪೂರಾ ಹೊಂದಲಿಲ್ಲ. ಸಣ್ಣ ಸಣ್ಣ ಕವಲುಗಳಲ್ಲಿ ಇವರಿಗೆ ಕಂಡದ್ದು ಅವರಿಗಿಲ್ಲ. ಆದರೂ ಮೊದಲ ಸಲದ ಗುರುತೇ ಸತ್ಯ ಎಂದಿಟ್ಟುಕೊಂಡು ಎಷ್ಟೋ ಕಂಪ್ಯೂಟರುಗಳು ಅಂಕ ಗಿಟ್ಟಿಸಿವೆ.

ಪ್ರಶ್ನೆ: ಕೊನೆಗೆ ನಾನು ಏನಂತ ಅಚ್ಚು ಹಾಕಲಿ?

ಅಪಧಮನಿ: ಅಂಕಿ ಹಾಕಿ, ಪಕ್ಕದಲ್ಲೇ ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಕ್ಯಾಮೆರಾ ಎಲ್ಲ ಹಾಕಿ. ಈಗ ಸ್ವಲ್ಪ ಸರಿಯಿರಿ, ಫ್ಲ್ಯಾಶ್ ಬರುವ ಹೊತ್ತು. ನಾನು ಅಭಿಧಮನಿಯನ್ನು ದಾಟುವ ಜಾಗದಲ್ಲೇ ನಿಂತಿದ್ದೀರಿ. ಮೊದಲೇ ಅಲ್ಲಿ ಅವಳು ಯಾರು, ನಾನು ಯಾರು ಅಂತ ಅವರಿಗೆ ಗೊಂದಲ, ಇನ್ನು ನಿಮ್ಮನ್ನೂ ಒಂದು ಕವಲು ಅಂತ ಅಳೆದುಬಿಟ್ಟಾರು!