ಸಣ್ ಕನೆಕ್ಷನ್ ಮಾಮಾ

ಕರೆಂಟು ಹುಟ್ಟುವ ಊರಿನವರಿಗೆ ಒಂದು ಜಂಬ ಇರುತ್ತದೆ. ಮುನಿರಾಬಾದಿನಲ್ಲಿ ತುಂಗಭದ್ರಾ ಡ್ಯಾಮಿನ ಎಡದಂಡೆಗೆ ಪವರ್ ಹೌಸ್ ಇದೆಯಲ್ಲ, ಅದರ ಗೋಡೆ ನೋಡುತ್ತ ಬೆಳೆದವರು ಫ್ಯೂಜ್ ಕಟ್ಟುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ ಎಂದುಕೊಂಡಿರುತ್ತಾರೆ. ಅಂಥವರಲ್ಲಿ ನಮ್ಮ ಮಾಮಾನೇ ಹಿರಿಯ. ಯಾರ ಮಾಮಾ ಎಂದು ಕೇಳಬೇಡಿ; ಓಣಿಗೆಲ್ಲ ಮಾಮಾ, ಓಣಿಯವರೆಲ್ಲ ಅವರಿಗೆ ಅಳಿಯಂದಿರು.

ಮಾಮಾನ ಅಂಗಿ ಜೇಬಿನಲ್ಲಿ ಪೆನ್ನಿರುವ ಜಾಗದಲ್ಲಿ ಟೆಸ್ಟರ್, ಹೆಗಲಚೀಲದಲ್ಲಿ ಹಳದಿ ಮಲ್ಟಿಮೀಟರು, ಬಾಯಲ್ಲಿ ಒಂದೇ ಮಾತು: "ಏನೂ ಆಗಿಲ್ಲ ಅಳಿಯಾ, ಒಂದು ಸಣ್ ಕನೆಕ್ಷನ್ ಲೂಸ್ ಆಗೇತಿ." ಟಿವಿಗೂ ಇದೇ, ಬೋರಿನ ಮೋಟರಿಗೂ ಇದೇ, ಪಕ್ಕದ ಮನೆಯ ಗಂಡ ಹೆಂಡಿರ ಜಗಳಕ್ಕೂ ಇದೇ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಗಿ, ಹೊಳೆದಂಡೆಯ ಊರುಗಳೆಲ್ಲ ನಿದ್ದೆಗೆಟ್ಟು ಕೂತಾಗಲೂ ಮಾಮಾ ಕಟ್ಟೆಯ ಮೇಲೆ ಕೂತು ಇದನ್ನೇ ಹೇಳಿದರು. "ಚೈನ್ ಅಂದ್ರ ಮತ್ತೇನು? ಕನೆಕ್ಷನ್ ಅಲ್ಲೇನು?" ನನಗೆ ತಿಳಿದಂತೆ ಅವರ ರೋಗಪರೀಕ್ಷೆ ಸರಿಯಾಗಿದ್ದು ಅದೊಂದೇ ಸಲ.

ಅವರ ಮನೆಯಲ್ಲಿ ಅತ್ತಿ ಮಿಕ್ಸಿಯನ್ನು ಜೋಳದ ಚೀಲದ ಹಿಂದೆ ಬಚ್ಚಿಟ್ಟಿದ್ದಾರೆ. ಮಾಮಾ ಸಂತೆಗೆ ಹೋದಾಗಷ್ಟೇ ಚಟ್ನಿ.

ಇಂಥ ಓಣಿಗೆ ನಾನು ಗಂಗಾವತಿಯಿಂದ ಒಂದು ಸೆಕೆಂಡ್ ಹ್ಯಾಂಡ್ ಬಾಸ್ ಗಿಟಾರ್ ಹೊತ್ತು ತಂದೆ. ಮಾರಿದವನು ಆರ್ಕೆಸ್ಟ್ರಾದವನು. ಕೀಬೋರ್ಡಿನವನ ಎಡಗೈಯೇ ಬಾಸ್ ನುಡಿಸತೊಡಗಿದ ಮೇಲೆ ಮದುವೆಮನೆಯವರಿಗೆ ಒಬ್ಬನ ಪಗಾರ, ಒಬ್ಬನ ಊಟ ಉಳಿಯಿತು. ಇವನ ಗಿಟಾರು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಹತ್ತು ನಿಮಿಷ ನುಡಿಸಿ ನೋಡಿದಾಗ ಎದೆಯೊಳಗೆ ಡೊಳ್ಳು ಬಡಿದಂತೆ ಚೆನ್ನಾಗಿಯೇ ಇತ್ತು. ಮನೆಗೆ ಬಂದು ಎರಡು ದಿನಕ್ಕೆ ಸಪ್ಪಳ ಸೊರಗಿತು. ಆಮೇಲೆ ನೆಗಡಿ ಬಂದ ಎಮ್ಮೆಯ ಹಾಗೆ ಗೊರಗೊರ. ವಾಲ್ಯೂಮ್ ತಿರುವಿದರೆ ಸ್ಪೀಕರಿನೊಳಗೆ ಯಾರೋ ಕುಳಿತು ಚುರುಮುರಿ ತಿಂದ ಹಾಗೆ.

ಕೆಟ್ಟ ಸಾಮಾನಿನ ವಾಸನೆ ಮಾಮಾಗೆ ಹೇಗೆ ಬಡಿಯುತ್ತದೋ! ಸಂಜೆಗೆ ಬಾಗಿಲಲ್ಲಿದ್ದರು.

"ಎಷ್ಟು ತಂತಿ ಇದಕ್ಕ?"

"ನಾಲ್ಕು ರೀ ಮಾಮಾ."

"ಗಿಟಾರಿಗೆ ಆರಲ್ಲೇನು? ಎರಡು ಕಿತ್ಕೊಂಡಾನ ನೋಡು ಮಗ. ಗಂಗಾವತಿಯಾಗ ಅಕ್ಕಿ ಬಿಟ್ಟು ಬ್ಯಾರೇದು ತರಬಾರದು ಅಂತ ಹೇಳಿರ್ಲಿಲ್ಲೇನು ನಾ?"

ಬಾಸ್ ಅಂದರೇ ನಾಲ್ಕು ತಂತಿ, ಅವುಗಳಲ್ಲಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುತ್ತದೆ ಎಂದು ವಿವರಿಸಿದೆ. "ವೋಲ್ಟೇಜ್ ಕಮ್ಮಿ ಐತಿ ಅದಕ್ಕ," ಎಂದರು.

ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಓದಿದ್ದನ್ನು ಉದುರಿಸುವ ಚಟ ನನ್ನದು. 1951ರಲ್ಲಿ ಇಂಥ ಬಾಸ್ ಗಿಟಾರನ್ನು ಮಾರುಕಟ್ಟೆಗೆ ತಂದ ಅಮೆರಿಕದ ಲಿಯೋ ಫೆಂಡರ್ ಅದಕ್ಕೂ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ, ಅವನಿಗೆ ಗಿಟಾರ್ ನುಡಿಸಲಿಕ್ಕೇ ಬರುತ್ತಿರಲಿಲ್ಲ ಎಂದುಬಿಟ್ಟೆ. ಮಾಮಾ ಕಣ್ಣರಳಿಸಿದರು. ಕಳೆದುಹೋದ ಅಣ್ಣನ ಸುದ್ದಿ ಸಿಕ್ಕವರಂತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನುಡಿಸಾಕ ಬರ್ತಿರ್ಲಿಲ್ಲ, ಬಿಚ್ಚಾಕ ಬರ್ತಿತ್ತು. ಹಂಗಾರ ಇದು ನಮ್ಮ ಕಸುಬಿನ ಸಾಮಾನೇ ಆತು," ಎಂದು ಚಾಪೆ ಹಾಸಿಸಿದರು.

ಮೊದಲ ದಿನ ವಾಲ್ಯೂಮ್ ಕಂಟ್ರೋಲಿನ ಧೂಳಿಗೆ ಪೆಟ್ರೋಲು ಬಿಟ್ಟರು. ಚುರುಮುರಿ ನಿಂತಿತು, ಮನೆಯಲ್ಲಿ ಎರಡು ದಿನ ಬಂಕಿನ ವಾಸನೆ ನಿಂತಿತು. ಎರಡನೆಯ ದಿನ ಗುಂಯ್ ಎನ್ನುವ ಸಪ್ಪಳದ ಪಾಳಿ. ತಂತಿ ಮುಟ್ಟಿದರೆ ಸಪ್ಪಳ ನಿಲ್ಲುತ್ತದೆ, ಬಿಟ್ಟರೆ ಶುರು. ಗಿಟಾರಿನ ಬ್ರಿಡ್ಜಿನ ಕೆಳಗೆ ಒಂದು ಅರ್ಥಿಂಗ್ ವಾಯರು ಇರುತ್ತದೆ, ಮುಟ್ಟಿದವನ ಮೈಯೂ ಅದಕ್ಕೆ ಸೇರಿಕೊಳ್ಳುತ್ತದೆ, ವಿಷಯ ಇಷ್ಟೇ. ಮಾಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನ ಮೈಯಾಗ ಅರ್ಥಿಂಗ್ ಚೊಲೋ ಐತಿ, ಮನಿಯಾಗಿಲ್ಲ," ಎಂದರು. ಹಿತ್ತಲಿನ ಅರ್ಥಿಂಗ್ ಗುಂಡಿಗೆ ಒಂದು ಸೇರು ಉಪ್ಪು, ನಾಲ್ಕು ಕೊಡ ನೀರು ನನ್ನಿಂದಲೇ ಹಾಕಿಸಿದರು. ಗಿಟಾರ್ ಕಲಿಯುವವನು ಗುಂಡಿಗೆ ನೀರು ಹೊರುವುದನ್ನು ಓಣಿಯ ಹೆಂಗಸರು ಮಾಳಿಗೆಯ ಮೇಲೆ ನಿಂತು ನೋಡಿದರು.

ಮೂರನೆಯ ದಿನ ಗಿಟಾರಿನ ಬೆನ್ನಿನ ಪಟ್ಟಿ ಬಿಚ್ಚಿದಾಗ ಒಳಗೆ 9 ವೋಲ್ಟಿನ ಚೌಕ ಸೆಲ್ಲು. ಮಾಮಾ ಅದನ್ನು ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿದರು. "ಕರೆಂಟಿನ ಡಬ್ಬಿಗೆ ಹಚ್ಚಿ ಬಾರಿಸೋ ಸಾಮಾನಿಗೆ ಸೆಲ್ ಯಾಕ? ಯಾವನೋ ಹುಡುಗಾಟಕ್ಕ ಇಟ್ಟಾನ." ಸೆಲ್ಲು ಕಿಟಕಿಯಾಚೆ ಹೋಯಿತು. ಪಟ್ಟಿ ಮುಚ್ಚಿ ತಂತಿ ಮೀಟಿದರೆ ಗೊರಗೊರ ಪೂರ್ತಿ ಮಾಯ. ಉಳಿದ ಸಪ್ಪಳವೂ ಮಾಯ.

"ನೋಡ್ದಿ? ಗೊರಗೊರ ಹೋತು!"

ಗಣಪತಿ ಕೂಡಿಸಿದ ಐದನೆಯ ದಿನ ಓಣಿಯ ಪೆಂಡಾಲಿನಲ್ಲಿ ನನ್ನ ಬಾಸ್ ಕಾರ್ಯಕ್ರಮ ಎಂದು ಮೈಕಿನಲ್ಲಿ ಸಾರಿಯಾಗಿತ್ತು. ಗಿಟಾರು ಮಾತ್ರ ಮೌನವ್ರತದಲ್ಲಿತ್ತು. ಮಾಮಾ ವೇದಿಕೆಯ ಹಿಂದೆ ಮಂಡಿಯೂರಿ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಕಂಡಕಂಡಲ್ಲಿ ಬೆಸುಗೆ ಹಾಕುತ್ತಿದ್ದರು. ಸೌಂಡ್ ಸಿಸ್ಟಮ್ಮಿನ ಹುಡುಗ ವಾಯರು ಎಳೆಯಲು ಬಂದವನು ಒಳಗೆ ಬಗ್ಗಿ ನೋಡಿ, "ಮಾಮಾ, ಈ ಕೆಂಪು ಕರಿ ವಾಯರಿನ ಕ್ಲಿಪ್ ಖಾಲಿ ಐತಲ್ರೀ, ಸೆಲ್ ಎಲ್ಲಿ? ಇದು ಆಕ್ಟಿವ್ ಗಿಟಾರ್ ರೀ, ಒಳಗಿನ ಸರ್ಕೀಟು ಸೆಲ್ಲಿನ ಮ್ಯಾಲ ನಡೀತೈತಿ. ಸೆಲ್ ಇಳಿದ್ರ ಗೊರಗೊರ, ಸತ್ರ ಸುಮ್ನ," ಎಂದ. ಹೋಗುವಾಗ ನನ್ನ ಕಡೆ ತಿರುಗಿ, "ಅಣ್ಣಾ, ನುಡಿಸಿದ ಮ್ಯಾಲ ಪಿನ್ ಕಿತ್ತು ಇಡ್ರಿ. ಪಿನ್ ಒಳಗಿದ್ದಷ್ಟು ಹೊತ್ತು ಸೆಲ್ ಸುಡ್ತಿರ್ತೈತಿ," ಎಂದೂ ಹೇಳಿದ.

ರಾತ್ರಿ ಎಂಟೂವರೆ. ಅಂಗಡಿಗಳೆಲ್ಲ ಪೆಂಡಾಲಿಗೇ ಬಂದು ಕೂತಿದ್ದವು. 9 ವೋಲ್ಟಿನ ಸೆಲ್ಲು ಇನ್ನೆಲ್ಲಿ? ಮಾಮಾ ನಿಧಾನವಾಗಿ ಹೆಗಲಚೀಲಕ್ಕೆ ಕೈ ಹಾಕಿ ಮಲ್ಟಿಮೀಟರು ತೆಗೆದರು. ಬೆನ್ನು ಬಿಚ್ಚಿದರು. ಎರಡು ವರ್ಷ ಅವರ ಜೊತೆ ಮನೆಮನೆ ತಿರುಗಿದ ಸೆಲ್ಲನ್ನು ಕ್ಲಿಪ್ಪಿಗೆ ಒತ್ತಿದರು. ನಾನು ದಪ್ಪ ತಂತಿ ಮೀಟಿದೆ. ಪೆಂಡಾಲಿನ ತಗಡು ಅದುರಿತು. ಮಾಮಾ ಗಣಪತಿಗೆ ಬೆನ್ನು ಹಾಕಿ ಜನರತ್ತ ಕೈ ಮುಗಿದರು.

ಕೊಟ್ಟ ಸೆಲ್ಲು ಕೇಳುವುದು ಮರ್ಯಾದೆಯಲ್ಲ ಎಂದು ಒಂದು ವಾರ ತಡೆದರು. ಮೀಟರಿಲ್ಲದ ಆ ವಾರ ಓಣಿಯಲ್ಲಿ ಒಂದು ಸಾಮಾನೂ ಕೆಡಲಿಲ್ಲ. ಅತ್ತಿ ಹಾಡಹಗಲೇ ಚಟ್ನಿ ರುಬ್ಬಿದರು. ಎಂಟನೆಯ ದಿನ ಯಾರದೋ ಇಸ್ತ್ರಿಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಬಂದರು. ನಾನು ಗಿಟಾರು ತಂದುಕೊಟ್ಟೆ. ಪಿನ್ನು ಹಬ್ಬದ ರಾತ್ರಿ ಸಿಕ್ಕಿಸಿದ್ದು ಹಾಗೇ ಇತ್ತು.

ಮಾಮಾ ಸೆಲ್ಲನ್ನು ಮೀಟರಿಗೆ ಹಾಕಿ ಗುಂಡಿ ತಿರುವಿದರು. ಅಂಕಿ ಮೂಡಲಿಲ್ಲ. ಅಲ್ಲಾಡಿಸಿದರು. ಕಿವಿಗೆ ಹಿಡಿದರು. ನಾನು ಉಗುಳು ನುಂಗಿದೆ.

"ಏನೂ ಆಗಿಲ್ಲ ಅಳಿಯಾ," ಎಂದು ಚಾಪೆ ಕೇಳಿದರು.