ಕೈಗೆಟುಕದ ಡಿಸ್ಪ್ರೋಸಿಯಂಗೆ ಬಹಿರಂಗ ಪತ್ರ

ಪ್ರಿಯ ಡಿಸ್ಪ್ರೋಸಿಯಂ,

1886ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಲಕೋಕ್ ದ ಬ್ವಾಬೋದ್ರಾ ಅಪರೂಪದ ಲೋಹವಾದ ನಿನಗಿಟ್ಟ ಹೆಸರಿಗೆ ಗ್ರೀಕಿನಲ್ಲಿ ‘ಕೈಗೆಟುಕದ್ದು’ ಎಂದರ್ಥ. ಆ ಮಾತು ಇಂದಿಗೂ ನಿಜವಾಗಿಯೇ ಉಳಿದಿದೆ.

ಮುಂಬಯಿಯ ಚೆಂಬೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿಂದ ಒಂದು ಕಡೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಇನ್ನೊಂದು ಕಡೆ, 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯ ಪ್ರಭಾದೇವಿಯ ಮುಖ್ಯ ಕಚೇರಿ. ಕೇರಳ, ತಮಿಳುನಾಡು, ಒಡಿಶಾದ ಕಡಲತೀರದ ಮರಳಿನಲ್ಲಿ ಸಿಗುವ ನಮ್ಮ ಮೋನಜೈಟ್ ಖನಿಜದಲ್ಲಿ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಧಾರಾಳವಾಗಿವೆ. ನೀನು ಮಾತ್ರ ಚಿಟಿಕೆಯಷ್ಟು. ವಿದ್ಯುತ್ ಕಾರಿನ ಮೋಟರು ಕಾದಾಗ ಅಯಸ್ಕಾಂತದ ಬಲ ಕುಗ್ಗದಂತೆ ಕಾಯುವುದು ನೀನೇ. 2025ರ ಏಪ್ರಿಲ್‌ನಲ್ಲಿ ಚೀನಾ ನಿನ್ನ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಆ ಚಿಟಿಕೆಯ ಬೆಲೆ ಎಲ್ಲರಿಗೂ ತಿಳಿಯಿತು.

ಆ ಚಿಟಿಕೆಯನ್ನು ಬೇರ್ಪಡಿಸುವುದಾದರೂ ಹೇಗೆ? ನೀನೂ ಆವರ್ತಕ ಕೋಷ್ಟಕದಲ್ಲಿ ನಿನ್ನ ಪಕ್ಕದ ಟರ್ಬಿಯಂ, ಹೋಲ್ಮಿಯಂಗಳೂ ದ್ರಾವಣದಲ್ಲಿ ಮೂರು ಧನಾವೇಶ ಹೊತ್ತ ಅಯಾನುಗಳೇ. ತ್ರಿಜ್ಯದಲ್ಲಿ ಅಕ್ಕಪಕ್ಕದವರ ನಡುವೆ ಸುಮಾರು ಒಂದು ಪಿಕೋಮೀಟರ್ ವ್ಯತ್ಯಾಸ, ಅಂದರೆ ಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು.

ನಿನ್ನನ್ನಷ್ಟೇ ಹೆಕ್ಕುವ ದ್ರಾವಕವನ್ನು ಲೆಕ್ಕದಿಂದ ಹುಡುಕೋಣವೆಂದರೆ, ಕಂಪ್ಯೂಟರಿನೊಳಗೆ ನಿನ್ನನ್ನು ಕಟ್ಟುವುದೂ ಸುಲಭವಲ್ಲ. 66 ಪ್ರೋಟಾನುಗಳ ಸೆಳೆತಕ್ಕೆ ನಿನ್ನ ತೀರ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರಹತ್ತಿರ ಅರ್ಧದಲ್ಲಿ ಓಡುತ್ತವೆ. ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಮಾಡುವಂತಿಲ್ಲ. ನಿನ್ನ ಅಯಾನಿನ 4ಎಫ್ ಕವಚದ 14 ಜಾಗಗಳಲ್ಲಿ 9 ಎಲೆಕ್ಟ್ರಾನುಗಳನ್ನು ಕೂರಿಸಲು 2002 ಬಗೆಗಳಿವೆ. ಅವುಗಳಲ್ಲಿ ಎಷ್ಟೋ ಬಗೆಗಳ ನಡುವೆ ಶಕ್ತಿಯ ಅಂತರ ಅತ್ಯಲ್ಪವಾದ್ದರಿಂದ ಎಲೆಕ್ಟ್ರಾನುಗಳ ಸಾಂದ್ರತೆಯಿಂದ ಲೆಕ್ಕ ಮಾಡುವ, ಎಲ್ಲರೂ ನೆಚ್ಚುವ ಡಿಎಫ್‌ಟಿ ವಿಧಾನವೂ ಅಲ್ಲಿ ತಡವರಿಸುತ್ತದೆ. ಆ ಒಂಬತ್ತನ್ನೂ ತಿರುಳಿನೊಳಗೆ ಮುಚ್ಚಿಟ್ಟು ಲೆಕ್ಕ ಹಾಕುವ ಉಪಾಯವೊಂದಿದೆ. ನಿನ್ನನ್ನು ಸುತ್ತುವರಿದ ಎಂಟು ನೀರಿನ ಅಣುಗಳ ದೂರ ಅದರಿಂದ ಚೆನ್ನಾಗಿಯೇ ಸಿಗುತ್ತದೆ, ಕಾಂತಗುಣ ಸಿಗುವುದಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. ದ್ರಾವಕವೊಂದು ನಿನ್ನನ್ನು ಪಕ್ಕದವನಿಗಿಂತ ಎರಡು ಪಟ್ಟು ಹೆಚ್ಚು ಸೆಳೆಯಲು ಮೋಲಿಗೆ ಬರೀ 1.7 ಕಿಲೋಜೂಲ್ ಅಂತರ ಸಾಕು. ತಪ್ಪು 4 ಕಿಲೋಜೂಲಿನೊಳಗಿದ್ದರೆ ಅದನ್ನು ಒಳ್ಳೆಯ ಲೆಕ್ಕವೆಂದು ರಸಾಯನಶಾಸ್ತ್ರ ಒಪ್ಪುತ್ತದೆ! ಹುಡುಕುತ್ತಿರುವುದಕ್ಕಿಂತ ತಪ್ಪೇ ದೊಡ್ಡದು. ಹಾಗಾಗಿ ನಿನ್ನನ್ನೂ ಟರ್ಬಿಯಂ ಅನ್ನೂ ಒಂದೇ ವಿಧಾನದಲ್ಲಿ ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಇಬ್ಬರ ಲೆಕ್ಕದಲ್ಲೂ ಇರುವ ತಪ್ಪು ಬಹುಪಾಲು ಹೊಡೆದುಹೋಗುತ್ತದೆ. ಉಳಿದ ಉತ್ತರವನ್ನೂ ಪ್ರಯೋಗಾಲಯದಲ್ಲಿ ಒರೆಗೆ ಹಚ್ಚದೆ ನಾನು ನಂಬಲಾರೆ.

ಲೆಕ್ಕ ಬಲ್ಲವರೂ ಮರಳು ಬಲ್ಲವರೂ ಒಂದೇ ಊರಿನಲ್ಲಿರುವುದು ಮುಂಬಯಿಯ ಭಾಗ್ಯ. ಅವರು ಒಂದೇ ಮೇಜಿಗೆ ಕೂರಲಿ. ಈ ವಾರ ಪರದೆಯ ಮೇಲೆ ಗೆದ್ದ ದ್ರಾವಕ ಮುಂದಿನ ವಾರ ಗಾಜಿನ ಪಾತ್ರೆಗೆ ಇಳಿಯಲಿ. ಅಲ್ಲಿ ಸೋತರೆ, ಸೋಲಿನ ಅಂಕಿಯೂ ಕಂಪ್ಯೂಟರಿನ ಮುಂದೆ ಕೂತವರಿಗೆ ಅಂದೇ ತಲುಪಲಿ.

ಇಂತು,
ನಿನ್ನ ದಾರಿ ಕಾಯುತ್ತಿರುವ ಚೆಂಬೂರಿನ ಹಿತೈಷಿ